ನೋಡದೆ ಹೇಳಿದ ಐದು

ಮೂವತ್ತಾರನೇ ವಯಸ್ಸಿನಲ್ಲಿ ಹೆಗಲಿಗೆ ಬ್ಯಾಗು ಏರಿಸಿಕೊಂಡು ಕಾಲೇಜಿಗೆ ಹೊರಟವಳನ್ನು ಜನ ಸುಮ್ಮನೆ ಬಿಡುತ್ತಾರೆಯೇ? ಪಕ್ಕದ ಮನೆಯಾಕೆ ದಿನಾ ಬಾಗಿಲಲ್ಲಿ ನಿಂತು, "ಏನ್ರೀ, ಮಗಳು ಬ್ಯಾಗ್ ಮರೆತು ಹೋದಳಾ?" ಎಂದು ಕೇಳುತ್ತಿದ್ದಳು. ತರಗತಿಯಲ್ಲಂತೂ ಇನ್ನೂ ಮೀಸೆ ಸರಿಯಾಗಿ ಮೂಡದ ಹುಡುಗರು, ಮಾತೆತ್ತಿದರೆ ಕಿಸಕ್ಕೆಂದು ನಗುವ ಹುಡುಗಿಯರು. ಮೊದಲ ದಿನ ಇವಳು ಒಳಗೆ ಕಾಲಿಟ್ಟಾಗ ಅಷ್ಟೂ ಜನ ಎದ್ದು ನಿಂತು "ಗುಡ್ ಮಾರ್ನಿಂಗ್ ಮೇಡಂ" ಅಂದುಬಿಟ್ಟಿದ್ದರು. ಇವಳು ತಲೆ ತಗ್ಗಿಸಿಕೊಂಡು ಹಿಂದಿನ ಬೆಂಚಿಗೆ ಹೋಗಿ ಕೂತಾಗ ಎದ್ದ ನಗು ಪಕ್ಕದ ಕೋಣೆಗೂ ಕೇಳಿಸಿತಂತೆ. ಅಂದಿನಿಂದ ಅವಳು ಎಲ್ಲರ ಬಾಯಲ್ಲೂ ದೊಡ್ಡಕ್ಕ.

ಓದುತ್ತಿದ್ದದ್ದು ಆಪರೇಷನ್ ಥಿಯೇಟರಿನ ಕೆಲಸದ ಪದವಿ. ಕೊಯ್ಯುವುದು ಹೊಲಿಯುವುದು ಡಾಕ್ಟರದ್ದು, ಹೆಸರೂ ಅವರದ್ದೇ. ಆದರೆ ಟೇಬಲ್ಲಿನ ಎತ್ತರ, ದೀಪದ ಓರೆ, ಕೈಗೆ ಬರಬೇಕಾದ ಕತ್ತರಿ, ಹೊಟ್ಟೆಯೊಳಗೆ ಹೋದದ್ದೆಲ್ಲ ಹೊರಗೆ ಬಂತೇ ಎಂಬ ಲೆಕ್ಕ, ಇದನ್ನೆಲ್ಲ ನೋಡಿಕೊಳ್ಳುವವರು ಬೇರೆ. ಅದನ್ನೂ ಮೂರು ವರ್ಷ ಕೂತು ಕಲಿಯಬೇಕು. ಕೊನೆಯ ವರ್ಷವಿಡೀ ಆಸ್ಪತ್ರೆಯಲ್ಲೇ ತರಬೇತಿ. ಅಲ್ಲಿ ಒಂದೊಂದು ಕೆಲಸವನ್ನೂ ಕಾಲೇಜಿನ ಮೇಷ್ಟ್ರು ಕಣ್ಣಾರೆ ನೋಡಿ ಒಂದು ಹಾಳೆಯ ಮೇಲೆ ಸಹಿ ಹಾಕಬೇಕು. ಸಹಿ ಬಿದ್ದರೆ ಪದವಿ, ಇಲ್ಲದಿದ್ದರೆ ಇಲ್ಲ.

ಈ ಓದಿನ ಹಟ ಅವಳದ್ದಲ್ಲ, ಅತ್ತೆಯದು. ಅತ್ತೆ ಅದೇ ಆಸ್ಪತ್ರೆಯ ಥಿಯೇಟರಿನಲ್ಲಿ ಇಪ್ಪತ್ತೆರಡು ವರ್ಷದಿಂದ ನೆಲ ಒರೆಸುವ ಆಯಾ. ಅರ್ಜಿ ತಂದು ಸೊಸೆಯ ಮುಂದೆ ಹಿಡಿದವರೂ ಅವರೇ. "ಅವರ ಕಾಲ ಕೆಳಗೆ ಒರೆಸಿ ಒರೆಸಿ ನನ್ನ ಸೊಂಟ ಬಿದ್ದುಹೋಯ್ತು. ನಮ್ಮ ಮನೆಯಿಂದ ಒಬ್ಬಳಾದ್ರೂ ಆ ಟೇಬಲ್ ಪಕ್ಕ ನೆಟ್ಟಗೆ ನಿಲ್ಲಲಿ," ಅಂದಿದ್ದರು. ಬಸ್ಸು ಓಡಿಸುವ ಮಗ "ಈ ವಯಸ್ಸಲ್ಲಿ ಓದಾ?" ಎಂದು ರಾಗ ಎಳೆದಾಗ, "ನೀನು ಸುಮ್ನೆ ನಿನ್ನ ಗೇರು ಹಾಕು," ಎಂದು ಅವನ ಬಾಯಿ ಮುಚ್ಚಿಸಿದ್ದರು.

ಅಂಥ ಅತ್ತೆಗೆ ಇವಳು ತರಬೇತಿಯ ಹಿಂದಿನ ದಿನ ಹೇಳಿದ್ದೇನು ಗೊತ್ತೇ? "ಅತ್ತೆ, ಅಲ್ಲಿ ನಾವಿಬ್ಬರೂ ಒಂದೇ ಮನೆಯವರು ಅಂತ ಗೊತ್ತಾಗೋದು ಬೇಡ. ವಶೀಲಿ ಅಂದ್ಕೋತಾರೆ."

ವಶೀಲಿಯಂತೆ, ಮಣ್ಣಾಂಗಟ್ಟಿ! ನೆಲ ಒರೆಸುವವಳ ವಶೀಲಿಗೆ ಯಾವ ಬಾಗಿಲು ತೆರೆಯುತ್ತದೆ? ಕಿಸಕ್ಕೆನ್ನುವ ಹುಡುಗಿಯರ ಮುಂದೆ 'ಆಯಾಳ ಸೊಸೆ' ಆಗುವುದು ಬೇಡವಾಗಿತ್ತು, ಅಷ್ಟೇ. ಅತ್ತೆಗೆ ಅದು ತಿಳಿಯದೆ ಇರುತ್ತದೆಯೇ! ಆದರೂ ನಕ್ಕರು. "ಆಯ್ತಮ್ಮ. ಅಲ್ಲಿ ನೀನ್ಯಾರೋ, ನಾನ್ಯಾರೋ. ಮನೇಲಿ ಪಾತ್ರೆ ತೊಳೆಯೋ ಹೊತ್ತಿಗೆ ಮಾತ್ರ ಸೊಸೆ ಅಂತ ನೆನಪಿಟ್ಕೋ," ಅಂದರು. ಮಾರನೆಯ ದಿನದಿಂದ ಇಬ್ಬರೂ ಒಂದೇ ಬಸ್ಸಿನಲ್ಲಿ ಬೇರೆ ಬೇರೆ ಸೀಟಿನಲ್ಲಿ ಕೂತು ಆಸ್ಪತ್ರೆಗೆ ಹೋಗತೊಡಗಿದರು. ಕಾರಿಡಾರಿನಲ್ಲಿ ಎದುರಾದರೆ ಅತ್ತೆ ಬಕೆಟ್ಟು ಪಕ್ಕಕ್ಕೆಳೆದುಕೊಂಡು ದಾರಿ ಬಿಡುತ್ತಿದ್ದರು. ದೊಡ್ಡಕ್ಕ ನೆಲ ನೋಡಿಕೊಂಡು ಹೋಗಿಬಿಡುತ್ತಿದ್ದಳು.

ಇನ್ನು ಆ ದಿನದ ಸಂಗತಿ. ಟೇಬಲ್ಲಿನ ಮೇಲೆ ಒಬ್ಬ ಟೈಲರಮ್ಮ, ಐವತ್ತರ ಆಸುಪಾಸು, ಕರುಳಿನ ಆಪರೇಷನ್ನು. ಹೊಟ್ಟೆ ತೆರೆಯುವ ಆಪರೇಷನ್ನಿನಲ್ಲಿ ರಕ್ತ ಒತ್ತಿ ತೆಗೆಯಲು ಅಂಗೈಯಗಲದ ಬಟ್ಟೆಯ ಪ್ಯಾಡುಗಳಿರುತ್ತವೆ. ಪ್ಯಾಕೆಟ್ಟಿಗೆ ಐದು, ಒಂದೊಂದರಲ್ಲೂ ಎಕ್ಸ್‌ರೇಯಲ್ಲಿ ಕಾಣುವಂಥ ಒಂದು ದಾರ. ರಕ್ತದಲ್ಲಿ ನೆನೆದರೆ ಪ್ಯಾಡು ಯಾವುದು ಕರುಳು ಯಾವುದು ಕಣ್ಣಿಗೆ ತಿಳಿಯುವುದಿಲ್ಲ. ಒಂದು ಒಳಗೇ ಉಳಿದರೆ ಆ ಜೀವದ ಗತಿ ಅಷ್ಟೇ. ಅದಕ್ಕೇ ಕೊಯ್ಯುವ ಮೊದಲು ಒಮ್ಮೆ, ಹೊಲಿಯುವ ಮೊದಲು ಒಮ್ಮೆ ಎಣಿಸುತ್ತಾರೆ. ಅದೂ ಇಬ್ಬರು. ಕೈ ತೊಳೆದು ಗೌನು ತೊಟ್ಟ ಸಿಸ್ಟರ್ ಒಂದೊಂದೇ ಪ್ಯಾಡು ಬೇರ್ಪಡಿಸಿ ತೋರಿಸಬೇಕು, ಎದುರಿಗೆ ನಿಂತವರು ಕಣ್ಣಿಟ್ಟು ನೋಡಿ ಜೊತೆಗೆ ಗಟ್ಟಿಯಾಗಿ ಹೇಳಬೇಕು, ಆಮೇಲೆ ಗೋಡೆಯ ಬೋರ್ಡಿನ ಮೇಲೆ ಬರೆಯಬೇಕು. ಆ ದಿನ ಎದುರಿಗೆ ನಿಂತವಳು ದೊಡ್ಡಕ್ಕ. ಹಾಳೆಯಲ್ಲಿ ಸಹಿ ಬೀಳಬೇಕಾಗಿ ಉಳಿದಿದ್ದ ಕೊನೆಯ ಕೆಲಸವೂ ಅದೇ.

ಮೊದಲ ಪ್ಯಾಕೆಟ್ಟನ್ನು ಕಣ್ಣು ಕೀಲಿಸಿ ಎಣಿಸಿದಳು. ಎರಡನೆಯದು ಬಿಚ್ಚುವ ಹೊತ್ತಿಗೆ ಬಾಗಿಲು ತೆರೆದು ಮೇಷ್ಟ್ರು ಒಳಬಂದರು. ಕೈಯಲ್ಲಿ ಆ ಹಾಳೆ. ದೊಡ್ಡಕ್ಕನ ಕಣ್ಣು ಅತ್ತ ಹೋಯಿತು. ಎಲ್ಲ ಸಹಿಗಳ ಕೆಳಗೆ ಒಂದೇ ಒಂದು ಖಾಲಿ ಚೌಕ ಕಾಣುತ್ತಿತ್ತು. ಸಿಸ್ಟರ್ "ಒಂದು, ಎರಡು, ಮೂರು" ಅನ್ನುತ್ತಿದ್ದರು, ಇವಳ ಬಾಯೂ "ಒಂದು, ಎರಡು, ಮೂರು" ಅನ್ನುತ್ತಿತ್ತು. ಐದು ಅಂದಾಗ ಐದು ಅಂದಳು. ತಿರುಗಿ ಬೋರ್ಡಿನ ಮೇಲೆ ಒಟ್ಟು ಹತ್ತು ಎಂದು ಮುದ್ದಾಗಿ ಬರೆದಳು. ಮೇಷ್ಟ್ರು ತಲೆಯಾಡಿಸಿದರು. ಅವಳಿಗೆ ಖುಷಿಯೂ ಆಯಿತು.

ಹೊಲಿಯುವ ಮೊದಲಿನ ಎಣಿಕೆಗೆ ಸಿಕ್ಕಿದ್ದು ಒಂಬತ್ತು.

"ಒಂದು ಕಡಿಮೆ," ಅಂದರು ಸಿಸ್ಟರ್. ಡಾಕ್ಟರ ಕೈ ನಿಂತಿತು. ಮತ್ತೆ ಎಣಿಸಿದರು, ಒಂಬತ್ತೇ. ಎರಡನೆಯ ಪ್ಯಾಕೆಟ್ಟನ್ನು ತಾನು ನೋಡಿರಲಿಲ್ಲ ಎಂಬುದು ದೊಡ್ಡಕ್ಕನಿಗೆ ಆ ಕ್ಷಣವೇ ಹೊಳೆಯಿತು. ಒಂದು ಮಾತು ಸಾಕಾಗಿತ್ತು: ನಾನು ನೋಡ್ಲಿಲ್ಲ. ಅಷ್ಟು ಅಂದಿದ್ದರೆ ಪ್ಯಾಕೆಟ್ಟಿನಲ್ಲೇ ಕಡಿಮೆ ಇದ್ದಿರಬಹುದು ಎಂದು ತಿಳಿದು, ನೇರ ಎಕ್ಸ್‌ರೇ ತೆಗೆದು, ಹೊಲಿಗೆ ಹಾಕಿ ಮುಗಿಸುತ್ತಿದ್ದರು. ಆದರೆ ಮೇಷ್ಟ್ರು ಮೂರು ಹೆಜ್ಜೆ ದೂರದಲ್ಲಿ ನಿಂತಿದ್ದರು.

"ನೀನು ಸರಿಯಾಗಿ ನೋಡಿದ್ಯಾ?" ಎಂದು ಡಾಕ್ಟರು ದೊಡ್ಡಕ್ಕನನ್ನೇ ನೇರ ಕೇಳಿದರು.

"ನೋಡಿದೆ ಸರ್. ಹತ್ತೂ ಇತ್ತು."

ಥೂ! ಬಾಯಿಂದ ಬಿದ್ದ ಮಾತನ್ನು ಮತ್ತೆ ಎತ್ತಿಕೊಳ್ಳುವ ಹಾಗಿದೆಯೇ? ಡಾಕ್ಟರು ಮತ್ತೆ ಹೊಟ್ಟೆಯೊಳಗೆ ಕೈ ಹಾಕಿದರು. ಕರುಳನ್ನು ಮಡಿಕೆ ಮಡಿಕೆಯಾಗಿ ಸರಿಸಿ ಹುಡುಕಿದರು. ಅರಿವಳಿಕೆಯ ಡಾಕ್ಟರು ರಕ್ತದೊತ್ತಡ ಇಳಿಯುತ್ತಿದೆ ಎಂದು ಎರಡು ಸಲ ಹೇಳಿದರು. ಇತ್ತ ಸಿಸ್ಟರ್ ಮೂಲೆಯಲ್ಲಿ ನಿಂತಿದ್ದ ಅತ್ತೆಯ ಕಡೆ ತಿರುಗಿ, "ಆಯಾ, ಚೀಲ ಏನಾದ್ರೂ ಹೊರಗೆ ಹಾಕಿದ್ಯಾ? ಎಲ್ಲಾ ಸುರುವು!" ಎಂದು ಕೂಗಿದರು.

ಎಣಿಕೆ ಮುಗಿಯದೆ ಕಸದ ಚೀಲ ಬಾಗಿಲು ದಾಟಬಾರದು. ಇಪ್ಪತ್ತೆರಡು ವರ್ಷದಲ್ಲಿ ಅತ್ತೆ ಒಂದು ದಿನವೂ ಆ ತಪ್ಪು ಮಾಡಿದವರಲ್ಲ. ನಾಲ್ಕು ಚೀಲಗಳೂ ಗೋಡೆಯ ಬದಿಗೆ ಸಾಲಾಗಿ ಇದ್ದವು. ಆದರೂ ಅವರು ಎದುರು ಮಾತಾಡದೆ, ನೋಯುವ ಸೊಂಟ ಹಿಡಿದುಕೊಂಡು ನೆಲಕ್ಕೆ ಮಂಡಿಯೂರಿ ಒಂದೊಂದೇ ಚೀಲ ಸುರುವಿದರು. ಒದ್ದೆ ಬಟ್ಟೆ, ಕೈಗವಸು, ಹತ್ತಿ, ಎಲ್ಲವನ್ನೂ ಬಿಡಿಸಿ ಬಿಡಿಸಿ ನೋಡಿದರು. ಸೊಸೆ ಬೋರ್ಡಿನ ಪಕ್ಕ ಪೆನ್ನು ಹಿಡಿದುಕೊಂಡು ನೆಟ್ಟಗೆ ನಿಂತಿದ್ದಳು. ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು ಅವಳಿಗೆ. ಅತ್ತೆ ಒಂದು ಸಲ ಮಾತ್ರ ತಲೆಯೆತ್ತಿ ಅವಳನ್ನು ನೋಡಿದರು, ಮತ್ತೆ ಚೀಲಕ್ಕೆ ಕೈ ಹಾಕಿದರು.

ಕೊನೆಗೆ ಎಕ್ಸ್‌ರೇ ಬಂತು. ಹೊಟ್ಟೆಯೊಳಗೆ ಏನೂ ಇರಲಿಲ್ಲ. ಹೊಲಿಗೆ ಹಾಕಿದರು. ಟೈಲರಮ್ಮ ಬೇಕಾದ್ದಕ್ಕಿಂತ ನಲವತ್ತು ನಿಮಿಷ ಹೆಚ್ಚಿಗೆ ಹೊಟ್ಟೆ ತೆರೆದುಕೊಂಡು ಮಲಗಿದ್ದರು. ವರದಿಯಲ್ಲಿ ಕಾರಣ ಬರೆಯಬೇಕಲ್ಲ, ಸಿಸ್ಟರ್ ಎಲ್ಲರನ್ನೂ ಕೋಣೆಯಲ್ಲಿ ಕೂರಿಸಿ ಕೇಳಿದರು. ದೊಡ್ಡಕ್ಕ ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಅತ್ತೆ ಬಾಯಿ ಬಿಟ್ಟರು. "ನಾನೇ ಇರ್ಬೇಕು ಸಿಸ್ಟರ್. ಒಂದು ಚೀಲ ಬೇಗ ಹೊರಗಿಟ್ಟೆ ಅನ್ಸುತ್ತೆ. ವಯಸ್ಸಾಯ್ತು ನೋಡಿ, ಮರೆವು."

ಅಲ್ಲಿಗೆ ಮುಗಿಯಿತು. ಮರುದಿನದಿಂದ ಅತ್ತೆಗೆ ಥಿಯೇಟರ್ ಬೇಡ, ಬಟ್ಟೆ ಒಗೆಯುವ ವಿಭಾಗ ಎಂದಾಯಿತು. ಮೇಷ್ಟ್ರು ಖಾಲಿ ಚೌಕದಲ್ಲಿ ಸಹಿ ಹಾಕಿ, "ಅಷ್ಟು ಗಲಾಟೆಯಲ್ಲೂ ಗಾಬರಿಯಾಗ್ಲಿಲ್ಲ ನೋಡಮ್ಮ ನೀನು," ಎಂದು ಬೆನ್ನು ತಟ್ಟಿದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದಳೇನೋ. ಆ ಹೊಗಳಿಕೆಗೆ ಅವಳು ನಾಚಿಕೆಯಿಂದ ನೀರಾಗಿಹೋದಳು.

ಸಂಜೆ ಮನೆಯಲ್ಲಿ ಅತ್ತೆ ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದರು. ದೊಡ್ಡಕ್ಕ ಬಾಗಿಲಲ್ಲೇ ನಿಂತು, "ಯಾಕೆ ಹಾಗೆ ಹೇಳಿದ್ರಿ ಅತ್ತೆ? ನೀವು ಚೀಲ ಹೊರಗೆ ಇಟ್ಟಿರ್ಲಿಲ್ಲ," ಅಂದಳು.

"ನೀನು ಪ್ಯಾಡು ನೋಡಿರ್ಲಿಲ್ಲ," ಅಂದರು ಅತ್ತೆ ಎಣ್ಣೆಯ ಕೈ ನಿಲ್ಲಿಸದೆ. "ನೀನು ಬಾಗಿಲ ಕಡೆ ನೋಡ್ತಾ ಐದು ಅಂದಿದ್ದು ನಂಗೆ ಕಾಣಿಸ್ತು. ಮೂಲೇಲಿ ನಿಂತೋಳಿಗೆ ಎಲ್ಲಾ ಕಾಣಿಸುತ್ತೆ ಕಣೇ. ಹೋಗ್ಲಿ ಬಿಡು. ಬಟ್ಟೆ ಒಗೆಯೋ ಕಡೆ ಕೂತ್ಕೊಳ್ಳೋಕೆ ಸ್ಟೂಲಾದ್ರೂ ಇದೆ. ನಿನ್ನ ಸಹಿ ಬಿತ್ತಲ್ಲ, ಸಾಕು."

"ನಂಗೆ ಮುಖ ಎತ್ತೋಕಾಗ್ತಿಲ್ಲ ಅತ್ತೆ."

"ಎತ್ತಬೇಡ. ಸ್ವಲ್ಪ ದಿನ ಹಾಗೇ ಇರು, ಅಭ್ಯಾಸ ಆಗುತ್ತೆ," ಅಂದರು ಅತ್ತೆ. ಮಾತಿನಲ್ಲಿ ಕುಟುಕಿತ್ತೋ ಇಲ್ಲವೋ ಅವಳಿಗೆ ತಿಳಿಯಲಿಲ್ಲ. ಆದರೆ ಅಭ್ಯಾಸ ಆಗುತ್ತದೆ ಎಂಬ ಮಾತು ಮಾತ್ರ ಅವಳನ್ನು ಬಿಡಲಿಲ್ಲ. ಆಗಿಬಿಟ್ಟರೆ? ಮುಂದಿನ ಮೂವತ್ತು ವರ್ಷ ಹೀಗೇ ಮುದ್ದಾಗಿ ಬೋರ್ಡಿನ ಮೇಲೆ ಬರೆಯುತ್ತಾ ಹೋದರೆ?

ಬೆಳಿಗ್ಗೆ ಮೊದಲ ಬಸ್ಸಿಗೇ ಹೋಗಿ ಸಿಸ್ಟರ್ ಮುಂದೆ ನಿಂತಳು. ಮೇಷ್ಟ್ರನ್ನೂ ಕರೆಸಿದರು. ಅವಳು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಸಿಸ್ಟರ್ ಎದ್ದು ಹೋಗಿ, ಅದೇ ಪೆಟ್ಟಿಗೆಯ ಉಳಿದ ಪ್ಯಾಕೆಟ್ಟುಗಳನ್ನು ಒಡೆದು ನೋಡಿದರು. ಏಳನೆಯದರಲ್ಲಿ ನಾಲ್ಕೇ ಇತ್ತು. ಒಂದು ಪ್ಯಾಡು ನಡುವೆ ಮಡಚಿಕೊಂಡು, ಸಿಸ್ಟರ್ ನಿಲ್ಲುವ ಕಡೆಯಿಂದ ಎರಡು ಅಂಚಾಗಿ ಕಾಣುತ್ತಿತ್ತು. ಎದುರಿಗೆ ನಿಂತವರಿಗೆ ಮಾತ್ರ ಮಡಿಕೆ ಗೊತ್ತಾಗುತ್ತಿತ್ತು.

"ನಿನ್ನೆ ನನ್ನ ಬೆರಳೂ ಹೀಗೇ ಮೋಸ ಹೋಗಿದೆ," ಅಂದರು ಸಿಸ್ಟರ್. "ಅದನ್ನ ನಾನು ವರದೀಲಿ ಬರೀತೀನಿ. ಇಬ್ಬರು ನಿಲ್ಲೋದೇ ಅದಕ್ಕೆ ಕಣಮ್ಮ. ಅದು ಸರಿ, ಆಯಾ ಯಾಕೆ ಇಲ್ಲದ ತಪ್ಪು ಒಪ್ಕೊಂಡ್ಲು? ನಿನಗೂ ಅವಳಿಗೂ ಏನು ಸಂಬಂಧ?"

"ನಮ್ಮ ಅತ್ತೆ. ನನ್ನ ಗಂಡನ ತಾಯಿ."

ಮೇಷ್ಟ್ರು ಹಾಳೆ ತೆಗೆದು ತಮ್ಮ ಸಹಿಯ ಮೇಲೆ ಗೀಟು ಎಳೆದರು. ಇನ್ನೂ ಆರು ತಿಂಗಳ ತರಬೇತಿ, ಸಹಿಗಳೆಲ್ಲ ಮತ್ತೆ ಮೊದಲಿನಿಂದ. ಸುಳ್ಳು ಹೇಳಿದ್ದಕ್ಕೆ ಅತ್ತೆಗೂ ಚೆನ್ನಾಗಿ ಮಂಗಳಾರತಿಯಾಯಿತು. "ಇಷ್ಟು ವರ್ಷ ಮರ್ಯಾದೆಯಿಂದ ಇದ್ದೆ, ನಿನ್ನಿಂದ ಸುಳ್ಳಿ ಅನ್ನಿಸ್ಕೊಂಡೆ," ಎಂದು ಅವರು ಎಲ್ಲರೆದುರೇ ಸೊಸೆಗೆ ಬೈದರು. ಕಿಸಕ್ಕೆನ್ನುವ ಹುಡುಗಿಯರು ಅಲ್ಲೇ ಇದ್ದರು, ಒಬ್ಬಳೂ ನಗಲಿಲ್ಲ.

ಇಷ್ಟಕ್ಕೆ ಮುಗಿಯಿತು ಎಂದುಕೊಂಡಳು ದೊಡ್ಡಕ್ಕ. ಸಿಸ್ಟರ್ ತಡೆದರು. "ಪೇಷೆಂಟಿಗೆ ಹೇಳೋದು ಬಾಕಿ ಇದೆ. ಸ್ವಲ್ಪ ತಡವಾಯ್ತು ಅಂತ ಮಾತ್ರ ಅವರಿಗೆ ಹೇಳಿದಾರೆ. ನಡಿ."

ಟೈಲರಮ್ಮ ದಿಂಬಿಗೆ ಒರಗಿ ಕೂತಿದ್ದರು. ತುಟಿ ಒಣಗಿತ್ತು, ಮೂಗಿನಲ್ಲಿ ನಳಿಕೆ. ಸಿಸ್ಟರ್ ಪಕ್ಕದಲ್ಲಿ ನಿಂತರು. ದೊಡ್ಡಕ್ಕನೇ ಹೇಳಿದಳು. ಎಣಿಸುವಾಗ ತಾನು ನೋಡಲಿಲ್ಲ, ಡಾಕ್ಟರು ಕೇಳಿದಾಗ ನೋಡಿದೆ ಎಂದು ಸುಳ್ಳಾಡಿದೆ, ಅದರಿಂದ ನಿಮ್ಮನ್ನು ನಲವತ್ತು ನಿಮಿಷ ಹಾಗೇ ಮಲಗಿಸಬೇಕಾಯಿತು ಎಂದಳು. ಮಾತು ನಾಲ್ಕು ಕಡೆ ತೊದಲಿತು.

ಟೈಲರಮ್ಮ ಅವಳ ಕಡೆ ತಿರುಗಿದರು.

"ಎಣಿಸುವಾಗ ಎಲ್ಲಿ ನೋಡ್ತಿದ್ರಿ?"

"ನನ್ನ ಪರೀಕ್ಷೆಯ ಹಾಳೆ ಕಡೆ."

"ಓಹೋ," ಅಂದರು ಟೈಲರಮ್ಮ. ಕೋಪ ಮಾಡಿಕೊಳ್ಳಲಿಲ್ಲ. ಹೊದಿಕೆಯನ್ನು ಹೊಟ್ಟೆಯ ಮೇಲೆ ಮೆಲ್ಲಗೆ ಎಳೆದುಕೊಂಡರು. "ನಂಗೆ ಮೂರು ತಿಂಗಳಿಗೆ ಇನ್ನೊಂದು ಆಪರೇಷನ್ ಇದೆಯಂತೆ. ನೀವು ಬಂದು ಹೇಳಿದ್ದು ಒಳ್ಳೇದಾಯ್ತು. ಆದ್ರೆ ಆವತ್ತು ನೀವು ಒಳಗೆ ಇರಬೇಡಿ ಅಮ್ಮ. ನಂಗೆ ಭಯ ಆಗುತ್ತೆ."

"ಇರಲ್ಲ," ಅಂದಳು ದೊಡ್ಡಕ್ಕ.

ಸಿಸ್ಟರ್ ಕೇಸ್ ಶೀಟು ಬಿಚ್ಚಿ ಬರೆಯಲು ಹೊರಟರು. ದೊಡ್ಡಕ್ಕ ಕೈ ಚಾಚಿ ಪೆನ್ನು ಇಸಿದುಕೊಂಡಳು. ಈ ರೋಗಿಯ ಮುಂದಿನ ಆಪರೇಷನ್ನಿನಲ್ಲಿ ಈ ಕೆಳಗಿನ ವಿದ್ಯಾರ್ಥಿನಿ ಇರಬಾರದು, ಇದು ರೋಗಿಯ ಕೋರಿಕೆ ಎಂದು ಬರೆದಳು. ಅದರ ಕೆಳಗೆ ತನ್ನ ಪೂರ್ತಿ ಹೆಸರು ಬರೆದು, ಸರಿಯಾಗಿದೆಯೇ ಎಂದು ಒಂದೊಂದೇ ಅಕ್ಷರ ನೋಡಿ ಹಾಳೆಯನ್ನು ಸಿಸ್ಟರಿಗೆ ಕೊಟ್ಟಳು.