ಕಾಫಿ ಮೂಟೆಗೆ ಸರಿಹೋದ ಬೈಕು

ತಂಗಿಗೆ ಬೈಕು ಆರಿಸಿ ತಂದವನು ನಾನು. ಎಂಜಿನ್ ನೋಡಿದೆ, ಚೈನು ನೋಡಿದೆ, ಆರ್‌ಸಿ ಕಾರ್ಡನ್ನು ಹಿಂದೆ ಮುಂದೆ ತಿರುಗಿಸಿ ನೋಡಿದೆ. ಅವಳನ್ನು ಮಾತ್ರ ಒಮ್ಮೆಯೂ ಅದರ ಮೇಲೆ ಕೂರಿಸಿ ನೋಡಲಿಲ್ಲ.

ಅವಳದು ಕೆ. ಹೊಸಕೋಟೆ ಸುತ್ತಿನ ಊರುಗಳಲ್ಲಿ ದನಗಳಿಗೆ ಲಸಿಕೆ ಹಾಕುವ ಕೆಲಸ. ಬಸ್ಸಿಳಿದು ತೋಟದ ದಾರಿಗಳಲ್ಲಿ ಐಸಿನ ಡಬ್ಬಿ ಹೊತ್ತು ನಡೆದು ಸಾಕಾಗಿ, ಕಲ್ಲು ಕೊರಕಲು ಹತ್ತುವಂಥ ಬೈಕು ಬೇಕು, ಹಳೆಯದಾದರೂ ಸರಿ ಎಂದಳು. ಅವಳು ಪಿಯುಸಿ ಮುಗಿಸಿದವಳು. ನಾನು ಏಳನೇ ಕ್ಲಾಸಿಗೇ ಶಾಲೆಗೆ ಕೈಮುಗಿದು ಎಸ್ಟೇಟಿನ ಜೀಪು ಹತ್ತಿದವನು. ಅವಳಿಗಿಂತ ನನಗೆ ಹೆಚ್ಚು ಗೊತ್ತಿರುವುದು ಗಾಡಿಯ ವಿಷಯ ಒಂದೇ. ಅದನ್ನೂ ಅವಳು ಓದಿಕೊಂಡು ಬಂದರೆ ನನ್ನ ಗತಿ?

“ಅಣ್ಣ, ಸೀಟು ಎಷ್ಟೆತ್ತರ ಐತೆ ಅಂತ ಮೊದ್ಲು ನೋಡ್ಬೇಕಂತೆ. ಭಾನುವಾರ ನಾನೂ ಬತ್ತೀನಿ.”

“ಫೋನ್ ನೋಡ್ಕಂಡು ಗಾಡಿ ತಗಳಕ್ಕಾಯ್ತದಾ? ನೀನು ದನ ನೋಡ್ಕ, ಗಾಡಿ ನಾನು ನೋಡ್ಕತೀನಿ.”

ಗುರುವಾರವೇ ಒಬ್ಬನೇ ಸಕಲೇಶಪುರಕ್ಕೆ ಹೋದೆ. ಹಳೆ ಗಾಡಿ ಮಾರುವವನ ಮುಂದೆ ಎಂಜಿನ್ನಿಗೆ ಕಿವಿಯಿಟ್ಟು, ಡಾಕ್ಟರಂತೆ ಕಣ್ಣು ಮುಚ್ಚಿದೆ. ಜೀಪಿನ ಸದ್ದಿಗೆ ಅರೆಗಿವುಡಾದ ನನಗೆ ಅದು ಸ್ಟಾರ್ಟ್ ಆಗಿದೆಯೆಂದು ತಿಳಿದದ್ದೇ ಕೆನ್ನೆಗೆ ತಾಗಿದ ನಡುಕದಿಂದ. ಆದರೂ ತಲೆಯಾಡಿಸಿ “ಪರವಾಗಿಲ್ಲ” ಎಂದು ದುಡ್ಡು ಎಣಿಸಿಕೊಟ್ಟೆ.

ಮನೆಗೆ ಒಯ್ಯುವ ಮೊದಲು ನನ್ನದೇ ಒಂದು ಪರೀಕ್ಷೆ ಇತ್ತು. ತಂಗಿಯ ತೂಕ ಸುಮಾರು ಐವತ್ತು ಕೆಜಿ, ಅಂದರೆ ಒಂದು ಕಾಫಿ ಮೂಟೆ. ಎಸ್ಟೇಟ್ ಸ್ಟೋರಿನಿಂದ ಒಂದು ಮೂಟೆ ಎತ್ತಿ ಹಿಂದಿನ ಸೀಟಿಗೆ ಬಿಗಿದು, ತೋಟದ ಅತಿ ಕಡಿದಾದ ಏರಿಗೆ ಬಿಟ್ಟೆ. ಬೈಕು ತಿಣುಕಲಿಲ್ಲ. ಮೂಟೆಯೂ ದೂರು ಹೇಳಲಿಲ್ಲ. ಇದನ್ನು ಮನೆಯಲ್ಲಿ ಹತ್ತು ಸಲವಾದರೂ ಹೇಳಿಕೊಂಡೆ. ಆಮೇಲೆ ಕ್ರ್ಯಾಶ್ ಗಾರ್ಡು, ಎರಡು ಫಾಗ್ ಲೈಟು, ಎರಡು ಪಕ್ಕಕ್ಕೂ ತಗಡಿನ ಪೆಟ್ಟಿಗೆ ಹಾಕಿಸಿದೆ. ಜೀಪಿನ ಹಾರನ್ನೂ ಹಾಕಿಸುತ್ತಿದ್ದೆ, ಅವಳು ಬೇಡವೆಂದಳು.

ಶಾಲೆಯ ಮೈದಾನದಲ್ಲಿ ಕಲಿಸುವಾಗ, ಅವಳು ನಿಲ್ಲಿಸಿದಾಗಲೆಲ್ಲ ಹಿಂದಿನಿಂದ ಕ್ಯಾರಿಯರ್ ಹಿಡಿದುಕೊಳ್ಳುತ್ತಿದ್ದೆ. ಅವಳ ಹೆಬ್ಬೆರಳ ತುದಿ ಮಾತ್ರ ನೆಲ ಮುಟ್ಟುವುದು ಕಾಣುತ್ತಿತ್ತು. “ರೂಢಿ ಆಯ್ತದೆ ಬುಡು” ಎನ್ನುತ್ತಿದ್ದೆ.

ಲೈಸೆನ್ಸ್ ಬಂದ ಮೇಲೆ ಮೊದಲ ದಿನದ ಕೆಲಸಕ್ಕೆ ಹೊರಟಳು. ನಾನು ಜೀಪಿನಲ್ಲಿ ಹಿಂದಿದ್ದೆ. ಒಂದು ತೋಟದ ಗೇಟಿನ ಮುಂದೆ, ಇಳಿಜಾರಿನಲ್ಲಿ, ಬೈಕು ನಿಲ್ಲಿಸಿ ಎಡಗಾಲು ಇಳಿಬಿಟ್ಟಳು. ಕಾಲಿಗೆ ನೆಲ ಸಿಗಲಿಲ್ಲ. ನಾನು ಹಾಕಿಸಿದ ಪೆಟ್ಟಿಗೆ, ಗಾರ್ಡುಗಳ ಭಾರವೆಲ್ಲ ಸೇರಿ ಬೈಕು ಅವಳ ಮೇಲೆ ಮಲಗಿತು.

ಜೀಪಿನಿಂದ ಹಾರಿ ಓಡಿದೆ. ಓಡಿ ಕೇಳಿದ ಮೊದಲ ಮಾತು, “ಲೈಟ್ ಒಡೀತಾ?”

ತೋಟದ ಕೂಲಿಯವರ ಲೈನ್ ಮನೆಗಳಿಂದ ಜನ ಓಡಿಬಂದು ಅವಳನ್ನು ಎಳೆದುಕೊಂಡರು. ಅವರೆದುರು ನನ್ನ ಮರ್ಯಾದೆ ಉಳಿಯಬೇಕಲ್ಲ. “ಓಡ್ಸಕ್ ಬರಲ್ಲ, ಆಸೆ ಮಾತ್ರ ಐತೆ” ಎಂದುಬಿಟ್ಟೆ. ಅವಳು ನನ್ನ ಮುಖವನ್ನೇ ನೋಡಿದಳು.

ಕಾಲಿನ ಊತ ಇಳಿಯಲು ಮೂರು ವಾರ ಬೇಕಾಯಿತು. ಇಳಿದ ಮೇಲೆ ಬೈಕಿನ ಕೀಯನ್ನು ಮೊಳೆಗೆ ತಗುಲಿಹಾಕಿ, ಮತ್ತೆ ಐಸಿನ ಡಬ್ಬಿ ಹೊತ್ತು ಬಸ್ಸಿಗೆ ಹೊರಟಳು. “ನಂಗೆ ಓಡ್ಸಕ್ ಬರಲ್ಲ ಬುಡವ್ವ” ಎಂದು ಅವ್ವನಿಗೆ ಹೇಳುವುದು ಕೇಳಿಸಿತು. ನಾನು ಹೇಳಿದ ಸುಳ್ಳನ್ನು ಅವಳು ನಂಬಿಬಿಟ್ಟಿದ್ದಳು.

ಮಾತಾಡುವ ಧೈರ್ಯ ಸಾಲದೆ ಬೈಕನ್ನು ಆಲೂರಿನ ಮೆಕ್ಯಾನಿಕ್ ಹತ್ತಿರ ಒಯ್ದೆ. ಸೀಟಿನ ಸ್ಪಂಜು ಕೊಯ್ದು ತಗ್ಗಿಸು ಎಂದೆ.

“ಓಡ್ಸೋರೆಲ್ಲಿ?”

“ಮನೇಲವ್ಳೆ.”

“ಅಂಗಿ ಹೊಲ್ಸಕ್ಕೂ ಹಾಕ್ಕಳೋರನ್ನ ಕರ್ಕಂಡ್ ಹೋಯ್ತೀಯ ಮಾರಾಯ. ಇದಕ್ಕೆ ಬ್ಯಾಡ್ವಾ? ಕರ್ಕಂಬಾ ಹೋಗು.”

ಹಾಗೇ ವಾಪಸ್ ಬಂದೆ. ತಂಗಿ ಅಂಗಳದಲ್ಲಿ ಡಬ್ಬಿ ತೊಳೆಯುತ್ತಿದ್ದಳು, ಅವ್ವ ಪಕ್ಕದಲ್ಲಿ ಕೂತಿದ್ದಳು. ಆಲೂರಿಗೆ ಬಾ, ಸೀಟಿಗೆ ಅಳತೆ ಕೊಡಬೇಕು ಎಂದೆ.

ತಲೆ ಎತ್ತದೆ ಹೇಳಿದಳು: “ಮೂಟೆನೇ ಕರ್ಕಂಡ್ ಹೋಗಣ್ಣ. ಅದಕ್ಕೆ ಸರಿಹೋಗಿತ್ತಲ್ಲ.”

ಅವ್ವ ನಕ್ಕಳು. ನಾನು ತಂಗಿಯ ಎದುರು ಕುಕ್ಕರುಗಾಲಲ್ಲಿ ಕೂತೆ.

“ನಿಂಗೆ ಓಡ್ಸಕ್ ಬತ್ತದೆ ಕಣವ್ವ,” ಎಂದೆ. “ನಿನ್ ಕಾಲು ಎಟುಕಲ್ಲ ಅಂತ ಮೈದಾನದಾಗೇ ನೋಡಿದ್ದೆ. ನೋಡಿಯೂ ಸುಮ್ಕಿದ್ದೆ. ಬಿದ್ದಾಗ ನಿನ್ನ ಬುಟ್ಟು ಲೈಟ್ ಕೇಳ್ದೆ. ತಪ್ಪಾಯ್ತು ಕಣವ್ವ, ನಂದೇ ತಪ್ಪು.”