ಕಾಂತಮ್ಮನವರ ಏಲಕ್ಕಿ ಕೇಕು

ನಮ್ಮ ಶನಿವಾರಸಂತೆಯ ಬೀದಿಯಲ್ಲಿ ಯಾವ ಮಗುವಿನ ಹುಟ್ಟುಹಬ್ಬವೇ ಬರಲಿ, ಅದು ಹೆತ್ತವರಿಗಿಂತ ಮೊದಲು ಕಾಂತಮ್ಮನವರಿಗೆ ನೆನಪಾಗುತ್ತದೆ. ಓವನ್ನಿನ ಮಾತೆತ್ತಿದರೆ ಅವರಿಗೆ ಸಿಟ್ಟು. ವಿಷಲ್ ತೆಗೆದ ಹಳೆಯ ಕುಕ್ಕರಿನ ತಳಕ್ಕೆ ಮರಳು ಸುರಿದು, ಮೊಟ್ಟೆಯಿಲ್ಲದ ಕೇಕನ್ನು ಒಳಗಿಟ್ಟರೆಂದರೆ ಬೀದಿಬಾಗಿಲು ಜೋರಾಗಿ ಹಾಕಿದವರಿಗೂ ಬೈಗುಳ: "ಮೆಲ್ಲಗೆ ಕಣ್ರೋ, ಕೇಕು ಕುಸಿದೋಗುತ್ತೆ!" ಆ ಮುಕ್ಕಾಲು ಗಂಟೆ ಅವರ ಮನೆಯಲ್ಲಿ ಸೀನುವುದಕ್ಕೂ ಅಪ್ಪಣೆ ಬೇಕು. ಬೆಂದ ಮೇಲೆ ಅಂಚಿನ ಚೂರು ಮೊದಲು ಅವರ ಬಾಯಿಗೇ; ಅದರಲ್ಲೊಂದು ಕುಂದು ಹುಡುಕದೆ ಯಾರಿಗೂ ಹಂಚುತ್ತಿರಲಿಲ್ಲ. ಆದರೆ ಹೋದ ವರ್ಷ ಜ್ವರ ಬಂದು ಎದ್ದ ಮೇಲೆ ಆ ಚೂರನ್ನು ನಮ್ಮ ಕೈಗಿಟ್ಟು, "ಹೆಂಗೈತೆ?" ಎಂದು ಮುಖ ನೋಡತೊಡಗಿದರು. ಕಕ್ಕಬೆಯಿಂದ ತರಿಸುವ ಏಲಕ್ಕಿ ಚಿಟಿಕೆಯಿಂದ ಚಮಚಕ್ಕೇರಿತ್ತು. ಕೇಕು ಕಷಾಯದಂತೆ ಗಂಟಲು ಉರಿಸುತ್ತಿತ್ತು. ಅವರಿಗೆ ವಾಸನೆ, ರುಚಿ ಎರಡೂ ಹೋಗಿವೆಯೆಂದು ನಮಗೆ ಗೊತ್ತಾಯಿತು. ಅವರು ಹೇಳಲಿಲ್ಲ, ನಾವು ಕೇಳಲಿಲ್ಲ. "ಚೆನ್ನಾಗೈತೆ ಕಾಂತಮ್ಮೋರೆ" ಎನ್ನುತ್ತಲೇ ಹನ್ನೊಂದು ಹುಟ್ಟುಹಬ್ಬ ದಾಟಿದೆವು. ಮೊನ್ನೆ ನನ್ನ ಮಗಳು ವಿನುತಾಳ ಹುಟ್ಟುಹಬ್ಬಕ್ಕೆ ಕೇಕು ಹಂಚುತ್ತಿದ್ದವರು, ಬೆರಳಿಗಂಟಿದ ಪುಡಿಯನ್ನು ಬಾಯಿಗಿಟ್ಟು ತಟ್ಟನೆ ಮುಖ ಕಿವುಚಿದರು. "ಏಲಕ್ಕಿ ತೋಟನೇ ಸುರಿದಂಗೈತಲ್ಲ! ವರ್ಷದಿಂದ ಇದನ್ನೇ ತಿಂತಿದ್ರಾ? ಹೇಳಕ್ಕೆ ಬಾಯಿ ಇರ್ಲಿಲ್ವಾ ನಿಮಗೆ?" ಬೈಗುಳ ಒಬ್ಬೊಬ್ಬರನ್ನೂ ಹೆಸರು ಹಿಡಿದು ಹುಡುಕಿಕೊಂಡು ಬಂತು. ನಾವು ಹಗುರಾಗಿ ಉಸಿರು ಬಿಟ್ಟು, ವರ್ಷದಲ್ಲಿ ಮೊದಲ ಸಲ ತಟ್ಟೆಯಲ್ಲಿ ಕೇಕು ಉಳಿಸಿದೆವು.