ಟ್ಯಾಕ್ಸಿ ಕಾಕಾನ ಪಾಲಿಶ್ ಮಷೀನು

ಕಾಕಾನ ಬಲಗೈ ಹೆಬ್ಬೆರಳಿನ ಉಗುರಿನೊಳಗೆ ಸದಾ ಬಿಳಿ ಪಾಲಿಶ್ ಮೇಣ ಮೆತ್ತಿಕೊಂಡಿರುತ್ತಿತ್ತು. ಅದೇ ಹೆಬ್ಬೆರಳಿನಿಂದ ಅಂಗೈಯಲ್ಲಿ ತಂಬಾಕಿಗೆ ಸುಣ್ಣ ಹಾಕಿ ತಿಕ್ಕುತ್ತಿದ್ದ, ತಿಕ್ಕಿದ್ದನ್ನು ಕೆಳದುಟಿಯೊಳಗೆ ತುರುಕುತ್ತಿದ್ದ, ಸ್ವಲ್ಪ ಹೊತ್ತಿಗೆ ನಮ್ಮ ಮನೆಯ ಕಟ್ಟೆಯ ಬುಡಕ್ಕೇ ಪಿಚಕ್ಕನೆ ಉಗುಳುತ್ತಿದ್ದ. ಅಫಜಲಪುರದ ನಮ್ಮ ಓಣಿಯಲ್ಲಿ ಅವನ ಮನೆಗೂ ನಮ್ಮ ಮನೆಗೂ ಒಂದೇ ಗೋಡೆ. ರಕ್ತಸಂಬಂಧವೇನೂ ಇರಲಿಲ್ಲ. ಅಪ್ಪನನ್ನು ಅಣ್ಣಾ, ಅವ್ವನನ್ನು ವೈನಿ ಎಂದು ಕರೆಯುತ್ತಿದ್ದನಾದ್ದರಿಂದ ನಮಗೆ ಕಾಕಾ ಆಗಿದ್ದ. ಅವನನ್ನು ನೆನೆದರೆ ಇವತ್ತಿಗೂ ನನಗೆ ಮೊದಲು ಹೇಸಿಗೆಯೇ ಬರುತ್ತದೆ. ಉಳಿದದ್ದೆಲ್ಲ ಆಮೇಲೆ.

ಅವನದೊಂದು ಕರೀ ಅಂಬಾಸಿಡರ್ ಟ್ಯಾಕ್ಸಿ. ಹಳೆಯ ಧೋತರ ಹರಿದು, ಮೇಣ ಅದ್ದಿ, ಬೆಳಗಾಯಿತೆಂದರೆ ಅದನ್ನು ತಿಕ್ಕುತ್ತ ಕೂಡುತ್ತಿದ್ದ. ತನ್ನ ಅಂಗಿ ಒಗೆಯದವನು, ವಾರಗಟ್ಟಲೆ ಗಡ್ಡ ಕೆರೆಯದವನು, ಕಾರಿನಲ್ಲಿ ಮಾತ್ರ ಮುಖ ಕಾಣಬೇಕು ಎನ್ನುತ್ತಿದ್ದ. ಎದುರಿಗೆ ಸಿಕ್ಕವರನ್ನೆಲ್ಲ ಹಿಡಿದು ನಿಲ್ಲಿಸಿ, “ನೋಡ್ರಿ, ಕನ್ನಡಿ ಬ್ಯಾರೆ ಬೇಕೇನ್ರಿ ನಿಮಗ?” ಎಂದು ಜಂಬ ಕೊಚ್ಚುತ್ತಿದ್ದ. ಬಾಯಿ ಬಲು ಹೊಲಸು. ಅವನ ಬೈಗುಳ ಕೇಳಿ ಅವ್ವ ಕಿಟಕಿ ಮುಚ್ಚುತ್ತಿದ್ದಳು. ಅವನದೊಂದು ಮಾತಿತ್ತು: “ಗಾಡಿ ಮಾರಿ ಥಳಥಳ ಹೊಳದ್ರ, ಒಳಗ ಕುಂತವರ ಮಾರಿ ಯಾರು ನೋಡ್ತಾರ?” ಚಿಕ್ಕಂದಿನಲ್ಲಿ ಅದು ನನಗೆ ತಮಾಷೆ ಎನಿಸುತ್ತಿತ್ತು.

ಒಳಗೆ ಕುಳಿತವರು ಯಾರು ಎಂಬುದು ತಿಳಿದಾಗ ತಮಾಷೆ ಹೋಯಿತು. ಅಮಾವಾಸ್ಯೆ ಬಂತೆಂದರೆ ಸುತ್ತಲಿನ ಊರುಗಳಿಂದ ‘ಗಾಳಿ ಬಡಿದವರನ್ನು’ ದೆವ್ವ ಬಿಡಿಸಲು ಗಾಣಗಾಪುರಕ್ಕೆ ಕರೆದೊಯ್ಯುತ್ತಿದ್ದರು. ಹೆಚ್ಚಿನವರು ಹೆಂಗಸರು. ಗಾಣಗಾಪುರದ ದೇವರ ಬಗ್ಗೆ ನನ್ನ ತಕರಾರಿಲ್ಲ. ನಮ್ಮವ್ವನೂ ಭೀಮೆಯಲ್ಲಿ ಮುಳುಗೆದ್ದು ಕೈಮುಗಿದು ಬಂದವಳೇ. ನನ್ನ ತಕರಾರು ಒಲ್ಲೆ ಎನ್ನುವ ಹೆಣ್ಣನ್ನು ರಟ್ಟೆ ಹಿಡಿದು ಕಾರಿಗೆ ತುರುಕುವ ಗಂಡಂದಿರ ಬಗ್ಗೆ, ಹಿಂದಿನಿಂದ ನೂಕುವ ಅತ್ತೆಯರ ಬಗ್ಗೆ. ಉಳಿದ ಟ್ಯಾಕ್ಸಿಯವರು ಅಂಥ ಬಾಡಿಗೆಯನ್ನು ಮುಟ್ಟುತ್ತಿರಲಿಲ್ಲ. ಸೀಟಿನ ಮೇಲೆ ವಾಂತಿಯಾಗುತ್ತದೆ, ಬಣ್ಣ ಕೆಡುತ್ತದೆ ಎನ್ನುತ್ತಿದ್ದರು. ನಮ್ಮ ಕಾಕಾ ಮಾತ್ರ ಯಾರಿಗೂ ಇಲ್ಲವೆಂದವನಲ್ಲ. ಆಳಂದದಿಂದಲೂ ಜೇವರ್ಗಿಯಿಂದಲೂ ಅವನಿಗೇ ಹೇಳಿ ಕಳಿಸುತ್ತಿದ್ದರು.

ನಾನು ಡಿಗ್ರಿ ಮುಗಿಸಿ ಮನೆಯಲ್ಲಿ ಖಾಲಿ ಕುಳಿತಿದ್ದ ವರ್ಷ, ಕಾಕಾ ನನ್ನನ್ನು ಸೊಲ್ಲಾಪುರಕ್ಕೆ ಕರೆದೊಯ್ದ. ಕರೆಂಟಿನ ಮೇಲೆ ತಿರುಗುವ ಪಾಲಿಶ್ ಮಷೀನು ಬಂದಿದೆಯೆಂದು ಯಾರೋ ಹೇಳಿದ್ದರಂತೆ. ಡಬ್ಬದ ಮೇಲಿನ ಇಂಗ್ಲಿಷ್ ಓದಲು ನಾನು ಬೇಕಿತ್ತು. ಅಂಗಡಿಯವನು ಮರಾಠಿ ಕನ್ನಡ ಕಲಸಿ ಮಾತಾಡುತ್ತ ಮೊದಲು ದೊಡ್ಡದನ್ನು ತೋರಿಸಿದ. ಜೋಳದ ರೊಟ್ಟಿಯಷ್ಟು ಅಗಲದ ಉಣ್ಣೆಯ ಚಕ್ರ, ಎರಡು ಕೈಯಲ್ಲಿ ಹಿಡಿಯುವಂಥದ್ದು. ಕಾಕಾ ಅದನ್ನು ಎತ್ತಿ, ತೂಗಿ, ತನ್ನ ಕಾರಿನ ಬಾಗಿಲಿಗೆ ಆನಿಸಿ ನೋಡಿ ಕೆಳಗಿಟ್ಟ. ಅದರ ಪಕ್ಕದ ಸಣ್ಣದನ್ನು ಎತ್ತಿಕೊಂಡ. ಅದರ ಚಕ್ರ ಪೂರಿಯಷ್ಟಿತ್ತು, ಒಂದೇ ಕೈಗೆ ಸಿಗುತ್ತಿತ್ತು.

“ದೊಡ್ಡದು ತಗೋರಿ ಮಾಲಕ್, ಬಾನೆಟ್ ದಬಾದಬಾ ಮುಗೀತದ,” ಎಂದ ಅಂಗಡಿಯವನು.

“ಬಾನೆಟ್ ಮ್ಯಾಲ ಏನೂ ಆಗಿರಂಗಿಲ್ಲೋ ಮಾರಾಯಾ,” ಎಂದ ಕಾಕಾ. “ಗೀರು ಹ್ಯಾಂಡಲ್ ಸುತ್ತ ಇರ್ತಾವ ನೋಡು, ಬಾಗಿಲ ಕಂಬದ ಮ್ಯಾಲ. ಒಳಗ ಕೂಡಂಗಿಲ್ಲ ಅಂತ ಅಲ್ಲೇ ಗಟ್ಟಿ ಹಿಡೀತಾರ. ಬಳಿ ಒಡದು ಗೀರತಾವ. ಕೆಳಗ ಕಾಲುಂಗುರ. ದೊಡ್ಡ ಚಕ್ರ ಆ ಸಂದಿಗೆ ಹೋಗಂಗಿಲ್ಲ, ಅಂಚಿನ ಬಣ್ಣ ಸುಟ್ಟು ಬಿಡತದ.”

ಚಪ್ಪಲಿಗೆ ಅಳತೆ ಹೇಳಿದಷ್ಟು ಸಲೀಸಾಗಿ ಹೇಳಿದ. ಅಂಗಡಿಯವನು ತಲೆಯಾಡಿಸಿ ಸಣ್ಣದನ್ನು ಕಟ್ಟಿಕೊಟ್ಟ. ವಾಪಸು ಬರುವಾಗ ದಾರಿಯಲ್ಲಿ ಕಾಕಾ ಚಹಾ ಕುಡಿಸಿದ. ನಾನು ಕುಡಿಯದೆ ಚೆಲ್ಲಿದೆ.

ಕಾಕಾನ ಮನೆಯಲ್ಲಿ ಪ್ಲಗ್ ಇರಲಿಲ್ಲ. ನಮ್ಮ ಕಿಟಕಿಯಿಂದ ವೈರು ಎಳೆದುಕೊಂಡ. ಅಮಾವಾಸ್ಯೆಯ ಮರುದಿನ ಬೆಳಗ್ಗೆ ನಾವು ಚಹಾ ಕುಡಿಯುವ ಹೊತ್ತಿಗೆ ಹೊರಗೆ ಗೊರ್ರ್ ಎನ್ನುವ ಸದ್ದು ಶುರುವಾಗುತ್ತಿತ್ತು. ಯಾವಳೋ ಒಬ್ಬಳು ಜೀವ ಹಿಡಿದುಕೊಂಡ ಹಾಗೆ ಹಿಡಿದಿದ್ದ ಗುರುತು, ನಮ್ಮ ಮನೆಯ ಕರೆಂಟಿನಲ್ಲಿ ಮಾಯವಾಗುತ್ತಿತ್ತು. ಅವ್ವ, “ದೇವರ ಕೆಲಸ, ಕೊಟ್ರ ಪುಣ್ಯ,” ಎನ್ನುತ್ತಿದ್ದಳು. ಅಪ್ಪ ಪೇಪರು ಓದುತ್ತಿದ್ದ. ಥೂ, ಎಂಥ ಮನೆ ನಮ್ಮದು ಎನಿಸುತ್ತಿತ್ತು ನನಗೆ. ಎನಿಸಿದ್ದೇ ಬಂತು, ಪ್ಲಗ್ ಕಿತ್ತವನಲ್ಲ ನಾನು.

ಅಕ್ಕನನ್ನು ಆಳಂದಕ್ಕೆ ಕೊಟ್ಟಿತ್ತು. ಬಾಣಂತನ ಮುಗಿಸಿ, ಹಸಿರು ಬಳೆ ತೊಡಿಸಿ, ಕೂಸಿನ ಜೊತೆ ಕಳಿಸಿಕೊಟ್ಟ ಮೇಲೆ ಅವಳು ಸುಮ್ಮನಾಗಿಬಿಟ್ಟಳಂತೆ. ಮಾತಿಲ್ಲ, ಊಟವಿಲ್ಲ, ಅಳುವ ಕೂಸನ್ನು ಎತ್ತಿಕೊಳ್ಳುವುದೂ ಇಲ್ಲ. “ಮೈಯಾಗ ಆರಾಮಿಲ್ಲ, ದೇವರಿಗೆ ಕರಕೊಂಡು ಹೋಗ್ತೇವಿ,” ಎಂದು ಬೀಗರು ಹೇಳಿ ಕಳಿಸಿದರು. “ಹೋಗಿ ಬರ್ಲಿ,” ಎಂದ ಅಪ್ಪ. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಎನ್ನುವ ಪೈಕಿ ಅವನು.

ಆ ಅಮಾವಾಸ್ಯೆಯ ಮರುದಿನ ಮಷೀನಿನ ಸದ್ದು ಕೇಳಲಿಲ್ಲ. ಕಾಕಾ ಕಟ್ಟೆಯ ಮುಂದೆ ಕಾರು ನಿಲ್ಲಿಸಿ, ಬಾಯಲ್ಲಿ ತಂಬಾಕು ಇಲ್ಲದೆ ನಿಂತಿದ್ದ. “ಅಣ್ಣಾ, ಹೊರಗ ಬರ್ರಿ,” ಎಂದ. ಅಪ್ಪ ಹೋದ, ಹಿಂದೆ ನಾನು. ಹಿಂದಿನ ಬಾಗಿಲ ಹಿಡಿಕೆಯ ಸುತ್ತ, ಕಂಬದ ಮೇಲೆ, ಕರೀ ಬಣ್ಣ ಕಿತ್ತು ಬಿಳಿ ಗೀರುಗಳೆದ್ದಿದ್ದವು. ರಬ್ಬರಿನ ಸಂದಿಯಲ್ಲಿ ಹಸಿರು ಬಳೆಯ ಚೂರು ಸಿಕ್ಕಿಕೊಂಡಿತ್ತು, ಅದಕ್ಕೆ ರಕ್ತ ಒಣಗಿ ಹತ್ತಿತ್ತು.

“ನಮ್ಮ ಹುಡುಗೀದು,” ಎಂದ ಕಾಕಾ. “ಆಳಂದಕ್ಕ ಬಾ ಅಂತ ಕರೆ ಬಂದಿತ್ತು. ಹೋದ ಮ್ಯಾಲ ಗೊತ್ತಾತು ಯಾರ ಮನಿ ಅಂತ. ನನ್ನ ನೋಡಿ ಕಾಕಾ ಅಂದ್ಳು. ಅದೊಂದ ಮಾತು ರೀ. ಅಳಿಯಾ ಬೆರಳು ಬಿಡಿಸಲಿಕ್ಕೆ ಚಪ್ಪಲಿಲೆ ಹೊಡದಾ. ದಾರಿ ಉದ್ದಕ್ಕೂ ಹೊಡದ್ರು.”

ನನ್ನ ಮೈ ಉರಿದುಹೋಯಿತು. “ಮತ್ತ ನೀ ಯಾಕ ಒಯ್ದಿ?” ಎಂದು ಕೂಗಿದೆ.

“ಒಯ್ದೆ,” ಎಂದ. “ಒಯ್ದೆ, ವಾಪಸ್ ತಂದು ಅವರ ಮನ್ಯಾಗ ಬಿಟ್ಟೆ. ನಾ ಒಲ್ಲೆ ಅಂದಿದ್ರ ಬಂಡಿ ಕಟ್ಟತಿದ್ರು. ಹೊಡದದ್ದು ನಿಮಗ ಗೊತ್ತೂ ಆಗತಿದ್ದಿಲ್ಲ.”

ಅಪ್ಪ ಓಣಿಯ ಆಚೆ ಈಚೆ ನೋಡಿದ. ಆಮೇಲೆ ತಗ್ಗಿದ ದನಿಯಲ್ಲಿ ಹೇಳಿದ, “ಮೊದಲ ಅದನ್ನ ಒರಸು ಮಾರಾಯಾ. ಮಂದಿ ನೋಡ್ತಾರ.”

ಜಗತ್ತಿನಲ್ಲಿ ಇದಕ್ಕಿಂತ ಹೊಲಸು ಮಾತನ್ನು ನಾನು ಕೇಳಿಲ್ಲ, ಕಾಕಾನ ಬಾಯಿಂದಲೂ. ಅದನ್ನು ಹೇಳಿದವನು ನನ್ನ ಹೆತ್ತಪ್ಪ. ಕಾಕಾ ಜಗಳವಾಡಲಿಲ್ಲ. ಕಿಟಕಿಯಲ್ಲಿ ಕೈ ಹಾಕಿ ಪ್ಲಗ್ ಸಿಕ್ಕಿಸಿದ, ಮಷೀನನ್ನು ಅಪ್ಪನ ಕೈಗೆ ಕೊಟ್ಟ.

“ನೀವ ಒರಸ್ರಿ ಅಣ್ಣಾ. ಸಣ್ಣದು ಅದ, ಭಾರ ಇಲ್ಲ. ಇಲ್ಲಿ ಗುಂಡಿ ಒತ್ತರಿ. ಇಷ್ಟು ದಿನಾ ಮಂದಿ ಹೆಣ್ಣಮಕ್ಕಳದು ನಾ ಒರಸೇನಿ. ನಿಮ್ಮ ಮಗಳದು ನೀವ ಒರಸ್ರಿ.”

ಅಪ್ಪ ಗುಂಡಿ ಒತ್ತಿಯೂ ಒತ್ತಿದ. ಚಕ್ರ ತಿರುಗಿತು. ಅದನ್ನು ಬಾಗಿಲ ಹತ್ತಿರ ಒಯ್ದವನು ಮುಟ್ಟಿಸಲಾರದೆ ಹಾಗೇ ನಿಂತ. ಆ ಹೊತ್ತಿಗೆ ಅವ್ವ ಹೊರಗೆ ಬಂದಿದ್ದಳು. ಮನೆಯ ಬಾಗಿಲ ಒಳಗೇ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ರಬ್ಬರಿನಿಂದ ಬಳೆಚೂರು ಕಿತ್ತು ಸೆರಗಿನ ತುದಿಗೆ ಕಟ್ಟಿಕೊಂಡಳು. ಯಾರ ಮುಖವನ್ನೂ ನೋಡದೆ ಹಿಂದಿನ ಸೀಟಿನಲ್ಲಿ ಹೋಗಿ ಕುಳಿತಳು.

“ಗಾಡಿ ತಿರುವು,” ಎಂದಳು ಕಾಕಾನಿಗೆ. “ಅವರು ಬರಲಿ, ಬಿಡಲಿ.”

ಅಪ್ಪ ಮಷೀನು ಕೆಳಗಿಟ್ಟು ಬಂದು ಮುಂದೆ ಕುಳಿತ, ನಾನು ಅವ್ವನ ಪಕ್ಕ ಕುಳಿತೆ. ಆಳಂದದಲ್ಲಿ ಬೀಗರು, “ಇನ್ನೂ ನಾಲ್ಕು ಅಮಾಸಿ ಮಾಡಸಬೇಕಂತ ಐತ್ರಿ, ನಡುವ ಬಿಟ್ರ ದೆವ್ವ ತಿರಗತದ,” ಎಂದು ಅಡ್ಡ ನಿಂತರು. ಕಾಕಾ ಅಂಗಳದಲ್ಲಿ ನಿಂತು ತನ್ನ ಬಾಯಲ್ಲಿದ್ದ ಹೊಲಸನ್ನೆಲ್ಲ ಹೊರಗೆ ಹಾಕಿದ. ನೆರೆಹೊರೆಯೆಲ್ಲ ಕೂಡಿತು. ಮರ್ಯಾದೆಗೆ ಅಂಜುವ ಮನೆತನ. ಬಾಯಿ ಮುಚ್ಚಿಕೊಂಡು ಒಳಗೆ ಸರಿಯಿತು. ಮೂಲೆಯಲ್ಲಿ ಮುದುಡಿದ್ದ ಅಕ್ಕನನ್ನೂ ಹಸಿದು ಚೀರುತ್ತಿದ್ದ ಕೂಸನ್ನೂ ಎತ್ತಿಕೊಂಡು ಬಂದೆವು. ಊರಿಗೆ ಬರಲಿಲ್ಲ, ನೆಟ್ಟಗೆ ಕಲಬುರ್ಗಿಯ ದವಾಖಾನೆಗೆ ಹೋದೆವು. ಹೆತ್ತ ಕೆಲವು ಹೆಂಗಸರಿಗೆ ಬರುವ ಬೇನೆ ಇದು, ಔಷಧಕ್ಕೆ ಬಗ್ಗುತ್ತದೆ ಎಂದರು ಡಾಕ್ಟರರು. ಬಗ್ಗಿತು, ನಿಧಾನಕ್ಕೆ. ಅಕ್ಕ ಮತ್ತೆ ಆಳಂದಕ್ಕೆ ಹೋಗಲಿಲ್ಲ. ಹೊಲಿಗೆ ಕಲಿತಳು, ಮಗನನ್ನು ಓದಿಸಿದಳು, ಈಗ ಸೊಸೆಯ ಮೇಲೆ ರೇಗುವಷ್ಟು ಗಟ್ಟಿಯಾಗಿದ್ದಾಳೆ.

ಕಾಕಾ ಆಮೇಲೆ ಅಮಾವಾಸ್ಯೆಯ ಬಾಡಿಗೆ ಬಿಟ್ಟ. ಮದುವೆ ದಿಬ್ಬಣ, ಬೀಗರೂಟ ಎಂದು ಓಡಿಸಿಕೊಂಡಿದ್ದ. ತಂಬಾಕನ್ನು ಮಾತ್ರ ಬಿಡಲಿಲ್ಲ, ಕಡೆಗೆ ಅದೇ ಅವನನ್ನು ತಿಂದಿತು. ಗಲ್ಲ ತೂತು ಬಿದ್ದು, ಹತ್ತಿರ ಕೂಡಲಾಗದಷ್ಟು ನಾರುತ್ತಿದ್ದ. ನಾನು ಹೊಸ್ತಿಲಲ್ಲೇ ನಿಂತು ಮಾತಾಡಿಸಿ ಬರುತ್ತಿದ್ದೆ. ಅಕ್ಕ ಒಳಗೆ ಹೋಗಿ ಗಂಜಿ ಕುಡಿಸುತ್ತಿದ್ದಳು. ಒಮ್ಮೆ ಅವಳ ಕೈ ಹಿಡಿದು, ತೊದಲುತ್ತ ಹೇಳಿದ, “ನೀ ಗುರ್ತಿನಾಕಿ ಇದ್ದಿ, ಉಳದಿ. ಗುರ್ತು ಇಲ್ಲದವರು ಎಷ್ಟ ಮಂದಿ ಇದ್ರವ್ವಾ. ಅವರೂ ಕಾಕಾ ಅಂತಿದ್ರು, ಮಾಮಾ ಅಂತಿದ್ರು. ನಾ ಗಾಡಿ ಹೊಡದೆ.” ಅಕ್ಕ, ಇರಲಿ ಬಿಡು ಎನ್ನಲಿಲ್ಲ. ಗಂಜಿಯ ಬಟ್ಟಲು ಮುಂದೆ ಹಿಡಿದಳು.

ಅವನು ಹೋದ ದಿನ ನಾನೂ ಹೆಗಲು ಕೊಟ್ಟೆ. ಅವನ ಋಣದಲ್ಲಿ ನನ್ನ ಅಕ್ಕ ಉಸಿರಾಡುತ್ತಿದ್ದಾಳೆ, ಅದು ತೀರುವುದಲ್ಲ. ಅವನ ಮೇಲಿನ ಹೇಸಿಗೆಯೂ ಹೋಗುವುದಲ್ಲ. ಎರಡನ್ನೂ ಹೊತ್ತುಕೊಂಡೇ ಅವನನ್ನು ಕುಣಿಯವರೆಗೆ ಒಯ್ದೆ. ಹೆಂಗಸರು ಅಲ್ಲಿಗೆ ಬರುವ ರೂಢಿಯಿಲ್ಲ. ಅಕ್ಕ ಬಂದಿದ್ದಳು. ಮುಂದೆ ಬಂದು ಒಂದು ಮುಷ್ಟಿ ಮಣ್ಣು ಹಾಕಿದಳು. ಮತ್ತೆ ಬಗ್ಗಿ ಇನ್ನೊಂದು ಮುಷ್ಟಿ ತುಂಬಿಕೊಂಡಾಗ ಹಿರಿಯರೊಬ್ಬರು, “ಒಂದ ಸಾಕವ್ವಾ,” ಎಂದರು.

“ಅದು ನಂದು,” ಎಂದಳು ಅಕ್ಕ. “ಇದು ಆ ಗುರ್ತು ಇಲ್ಲದವರದು.”